ಸೆಲಿನ್ ಮುಖದ ಕಲೆಗಳು

ಉಪ್ಪಳ
22 ನವೆಂಬರ್ 2010

ಪ್ರಿಯ ಹಿಬಾ ಅವರಿಗೆ,

ಕಾಸರಗೋಡಿನಲ್ಲಿ ನಡೆಯುತ್ತಿರುವ ನಿಮ್ಮ ಫೋಟೋ ಪ್ರದರ್ಶನದಲ್ಲಿ, ಉಪ್ಪಳದ ಮೀನು ಮಾರ್ಕೆಟಿನಲ್ಲಿ ನಗುತ್ತ ನಿಂತ ಹೆಂಗಸಿನ ಕಪ್ಪುಬಿಳುಪು ಚಿತ್ರವೊಂದಿದೆ. ಅವಳು ನನ್ನ ಹೆಂಡತಿ ಸೆಲಿನ್. ಆ ಚಿತ್ರವನ್ನು ತೆಗೆಯಿರಿ ಎಂದು ಕಳೆದ ವಾರ ನಿಮಗೆ ಫೋನ್ ಮಾಡಿದವನು ನಾನೇ.

ನಾನು ಇಲ್ಲಿ ಸ್ಟುಡಿಯೋ ನಡೆಸುತ್ತೇನೆ. ಸೆಲಿನ್‌ಗೆ ಚಿಕ್ಕಂದಿನಲ್ಲಿ ಸಿಡುಬು ಬಂದಿತ್ತು. ನಮ್ಮ ಮದುವೆಯ ಫೋಟೋ ತೊಳೆದಾಗ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಅವಳ ಕಲೆಗಳನ್ನೆಲ್ಲ ಮುಚ್ಚಿದೆ. ಆಮೇಲಿನ ಫೋಟೋಗಳಲ್ಲೂ ಹಾಗೆಯೇ. ಅವಳೇನೂ ಕೇಳಿರಲಿಲ್ಲ. ಗಿರಾಕಿಗಳಿಗೆ ಮಾಡುತ್ತಿದ್ದೆ, ಅವಳಿಗೂ ಮಾಡಿದೆ.

ನಾನು ಫೋನ್ ಮಾಡಿದ್ದನ್ನು ತಿಳಿದು, ನಿನ್ನೆ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಅವಳೇ ನನ್ನನ್ನು ಪ್ರದರ್ಶನಕ್ಕೆ ಕರೆದೊಯ್ದಳು. ಚಿತ್ರದ ಮುಂದೆ ಬಹಳ ಹೊತ್ತು ನಿಂತಳು.

“ಇದು ನಾನು. ಮನೆಯ ಗೋಡೆಯಲ್ಲಿ ಇರುವವಳು ನಿಮಗೆ ಎಲ್ಲಿ ಸಿಕ್ಕಿದ್ದು ಮಾರಾಯ್ರೇ?” ಎಂದಳು. ಪಕ್ಕದಲ್ಲಿದ್ದವರು ನಕ್ಕರು.

ನಾನು ಚಿತ್ರದ ಹತ್ತಿರ ಹೋಗಿ ನೋಡಿದೆ. ನೀವು ಬೆಳಕು ಪಕ್ಕದಿಂದ ಬೀಳಲು ಬಿಟ್ಟಿದ್ದೀರಿ. ನಾನಾಗಿದ್ದರೆ ಕಲೆ ಕಾಣದಂತೆ ಎದುರಿನಿಂದ ಹಾಕುತ್ತಿದ್ದೆ. ನಗುವಾಗ ಅವಳ ಕೆನ್ನೆಯ ಕಲೆಗಳೂ ನಗುತ್ತವೆ ಎಂಬುದು ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದ ನನಗೆ ಕಂಡಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ನಿಮಗೆ ಕಂಡಿತು.

ದಯವಿಟ್ಟು ಚಿತ್ರ ಅಲ್ಲೇ ಇರಲಿ. ಅದರ ಕೆಳಗೆ ‘ಅಪರಿಚಿತ ಮಹಿಳೆ’ ಎಂದಿದೆ. ಅಲ್ಲಿ ಅವಳ ಹೆಸರು ಬರೆಯಬೇಕಂತೆ. ಸೆಲಿನ್ ಮೊರಿಸ್ ಬೇಡ, ಸೆಲಿನ್ ಸಾಕು ಎಂದಿದ್ದಾಳೆ.

ಇಂತಿ,
ಮೊರಿಸ್