‘ಹಗರಿ’ಯಲ್ಲಿ ದೋಷವಿರಲಿಲ್ಲ

ಕೊಟ್ಟೂರು
೧೧ ಫೆಬ್ರುವರಿ ೨೦೦೯

ಮಗಳೇ ನಿಶಾತ,

ಹಾಗೆ ಕರೆಯಲು ನನಗೆ ಮುಖವಿಲ್ಲ. ಆದರೆ ಮಹಬೂಬನ ಮಗಳಿಗೆ ‘ಮಾನ್ಯರೇ’ ಎಂದು ಬರೆದರೆ ಅದೂ ಒಂದು ನಾಟಕವಾದೀತು, ನಾಟಕ ಈಗಾಗಲೇ ಬೇಕಾದಷ್ಟು ಆಗಿದೆ. ನಾನು ಕೊಟ್ಟೂರಿನ ಉಚ್ಚಂಗೆಮ್ಮ ಪ್ರೆಸ್ಸಿನ ಗುರುಬಸವರಾಜ, ‘ಊರುಕೇರಿ ವಾರ್ತೆ’ ಎಂಬ ವಾರಪತ್ರಿಕೆಯ ಸಂಪಾದಕ. ನಿನ್ನ ಅಬ್ಬಾ ಹದಿನೆಂಟು ವರ್ಷಗಳಿಂದ ರಿಪೇರಿ ಮಾಡುತ್ತ ಬಂದಿರುವ ಮುದಿ ಮಷಿನ್ನಿನ ಮಾಲೀಕ. ಹೋದ ಜುಲೈ ತಿಂಗಳಲ್ಲಿ ನಿನ್ನನ್ನು ನಾಲ್ಕು ಜನ ಓದುವಂತೆ ಬೈದವನೂ ನಾನೇ.

ಮಾತು ಸುತ್ತಿಸುವುದು ನನ್ನ ಹಳೆಯ ಚಾಳಿ. ಆದ್ದರಿಂದ ಮುಖ್ಯವಾದುದನ್ನು ಮೊದಲೇ ಬರೆದುಬಿಡುತ್ತೇನೆ. ನಿನ್ನ ‘ಹಗರಿ’ಯಲ್ಲಿ ದೋಷವಿರಲಿಲ್ಲ. ನಮ್ಮ ವೆಬ್‌ಸೈಟು ಕೆಟ್ಟು ನಿಂತದ್ದು ನನ್ನ ಕೈಯಿಂದ. ಅದು ನನಗೆ ಮರುದಿನವೇ ಗೊತ್ತಾಗಿತ್ತು.

ಈಗ ಉಳಿದದ್ದನ್ನು ಹೇಳುತ್ತೇನೆ.

ನಮ್ಮ ಪತ್ರಿಕೆಗೆ ವೆಬ್‌ಸೈಟು ಮಾಡಬೇಕೆಂಬ ಹುಚ್ಚು ನನಗೆ ಹತ್ತಿದ್ದು ಎರಡು ವರ್ಷದ ಹಿಂದೆ. ಬಿಟ್ಟಿ ಸಿಗುವ ತಂತ್ರಾಂಶವೊಂದನ್ನು ಇಳಿಸಿಕೊಂಡು, ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಗೀತಾಂಜಲಿ ಹೇಗೋ ತಾಣವನ್ನು ಕಟ್ಟಿ ಎಬ್ಬಿಸಿದಳು. ತೊಡಕು ಬಂದದ್ದು ಅಕ್ಷರದಲ್ಲಿ. ಪ್ರೆಸ್ಸಿನ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಸುದ್ದಿಯನ್ನು ಅಲ್ಲಿ ಹಾಕಿದರೆ ಕನ್ನಡ ಕಾಣುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ, ಕಂಸ, ಪ್ರಶ್ನಾರ್ಥಕಗಳ ಕಲಸುಮೇಲೋಗರ ಕಾಣುತ್ತಿತ್ತು. ಪತ್ರಿಕೆ ಪೂರ್ತಿ ಎರಡನೇ ಸಲ ಟೈಪು ಮಾಡಬೇಕು. ಗೀತಾಂಜಲಿ ಕೈ ಮುಗಿದಳು. ಆಗ ಎಲ್ಲಿಂದಲೋ ನಿನ್ನ ‘ಹಗರಿ’ ಸಿಕ್ಕಿತು. ಅಂಗಿಗೆ ಗುಂಡಿ ಹಚ್ಚಿದಂತೆ ವೆಬ್‌ಸೈಟಿಗೆ ಜೋಡಿಸುವ ಒಂದು ಸಣ್ಣ ಪ್ಲಗಿನ್ನು. ಹಳೆಯ ಫಾಂಟಿನ ಸುದ್ದಿ ಹಾಕಿದರೆ ಸಾಕು, ಒತ್ತಕ್ಷರ ಸಮೇತ ಸ್ವಚ್ಛ ಕನ್ನಡವಾಗಿ ಹೊರಗೆ ಬರುತ್ತಿತ್ತು. ಅವತ್ತು ನಾನು ಪ್ರೆಸ್ಸಿಗೆಲ್ಲ ಮಿರ್ಚಿ ಮಂಡಕ್ಕಿ ತರಿಸಿದೆ. ಮಾಡಿದವರಿಗೆ ಮಾತ್ರ ಎರಡು ಸಾಲಿನ ಥ್ಯಾಂಕ್ಸ್ ಬರೆಯಬೇಕೆಂದು ನೆನಪಾಗಲಿಲ್ಲ. ಅಂತರ್ಜಾಲದಲ್ಲಿ ‘ಹಗರಿ’ ಇಟ್ಟಿದ್ದ ನಿನ್ನ ಪುಟದಲ್ಲಿ ನೀನು ಬೇರೇನೂ ಕೇಳಿರಲಿಲ್ಲ. ‘ಬಳಸಿದವರು ಹೇಗಿದೆ ಎಂದು ತಿಳಿಸಿದರೆ ಸಂತೋಷ’ ಎಂದಷ್ಟೇ ಬರೆದಿದ್ದೆ.

ತಾಣದ ತಳದಲ್ಲಿ ಸಣ್ಣ ಅಕ್ಷರದಲ್ಲಿ ‘ಹಗರಿ – ನಿಶಾತ’ ಎಂದು ಬರುತ್ತಿತ್ತು. ನನಗೆ ಅದು ಕಣ್ಣಿಗೆ ಚುಚ್ಚಿತು. ಪ್ರೆಸ್ಸಿನವರ ಬುದ್ಧಿ ನಿನಗೆ ಗೊತ್ತಿರಲಾರದು, ಹೇಳುತ್ತೇನೆ ಕೇಳು. ಲಗ್ನಪತ್ರಿಕೆಯ ಕೊನೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಪ್ರೆಸ್ಸಿನ ಹೆಸರು ಇರುತ್ತದಲ್ಲ, ಅದು ಅಚ್ಚು ಹಾಕಿದವನ ಹೆಸರೇ ಆಗಿರಬೇಕೆಂದಿಲ್ಲ. ಸುಗ್ಗಿ ಮುಗಿದು ಲಗ್ನಗಳು ಮೇಲಿಂದ ಮೇಲೆ ಬಂದಾಗ ನಾವು ಹರಪನಹಳ್ಳಿಗೆ ಕೊಟ್ಟು ಅಚ್ಚು ಹಾಕಿಸುತ್ತೇವೆ, ಅವರು ನಮಗೆ ಕೊಡುತ್ತಾರೆ. ಯಾರು ಆರ್ಡರು ಹಿಡಿದರೋ ಅವರ ಹೆಸರು ಕೆಳಗೆ. ಇದರಲ್ಲಿ ಯಾರಿಗೂ ಬೇಸರವಿಲ್ಲ, ಅಪ್ಪನ ಕಾಲದಿಂದ ನಡೆದುಬಂದ ರೂಢಿ. ಅದೇ ಕಣ್ಣಿನಿಂದ ನಿನ್ನ ಹೆಸರನ್ನು ನೋಡಿದೆ. ‘ಹಗರಿ’ಯ ಒಂದು ನಕಲು ಮಾಡಿಸಿದೆ, ನಿನ್ನ ಹೆಸರಿದ್ದಲ್ಲೆಲ್ಲ ‘ಉಚ್ಚಂಗೆಮ್ಮ ಪ್ರೆಸ್’ ಎಂದು ಹಾಕಿಸಿದೆ, ಮೂಲವನ್ನು ತೆಗೆಸಿದೆ. ಗೀತಾಂಜಲಿ ಒಂದು ಸಲ ಹಿಂಜರಿದಳು. ‘ಅಣ್ಣಾರ, ಇದು ಸರಿ ಇರ್ತೈತೇನ್ರಿ?’ ಅಂದಳು. ‘ನಮ್ಮ ಸೈಟು, ನಮ್ಮ ಹೆಸರು, ಅದ್ರಾಗೇನವ?’ ಅಂದೆ.

ಆಮೇಲೆ ಸಂತೆ, ಕಟ್ಟೆ, ಚಹಾದಂಗಡಿ ಎಲ್ಲ ಕಡೆ ನನ್ನದೇ ಬಡಾಯಿ. ಕನ್ನಡ ಮೂಡಿಸುವ ತಂತ್ರಾಂಶ ನಾವೇ ಮಾಡಿದ್ದೇವೆ ಎಂದು ಹೇಳಿಕೊಂಡು ತಿರುಗಿದೆ. ಶೇಂಗಾ ವ್ಯಾಪಾರಿ ಬಂಗಾರಪ್ಪ ನಮ್ಮ ಪತ್ರಿಕೆಗೆ ವಾರವಾರ ಜಾಹೀರಾತು ಕೊಡುವವನು. ಅವನ ಅಂಗಡಿಯಲ್ಲಿ ಕೂತು, ಕೂಡ್ಲಿಗಿಯಿಂದ ಬಂದ ಅವನ ಬೀಗರ ಮುಂದೆ ತಾಣ ತೆರೆದು ತೋರಿಸಿ, ಮೀಸೆ ತೀಡಿಕೊಂಡು ಬಂದವನು ನಾನು.

ಜುಲೈನಲ್ಲಿ ನೀನು ‘ಹಗರಿ’ಯ ಹೊಸ ಆವೃತ್ತಿ ಬಿಟ್ಟೆ. ಗೀತಾಂಜಲಿ ತಮ್ಮನ ಲಗ್ನಕ್ಕೆಂದು ರಜೆ ಹಾಕಿದ್ದಳು. ಇದೇನು ನನಗೆ ಬಾರದ ಕೆಲಸವೇ ಎಂದು ನಾನೇ ಕೂತೆ. ಹೊಸದನ್ನು ತಂದು ಹಾಕಿದೆ, ಹಳೆಯ ನಕಲನ್ನು ತೆಗೆಯಬೇಕೆಂಬುದು ತಲೆಗೆ ಹೊಳೆಯಲಿಲ್ಲ. ಹೆಸರು ಬೇರೆಯಾದ ಮೇಲೆ ವಸ್ತುವೂ ಬೇರೆ ಎಂದು ನಾನೇ ನಂಬಿಬಿಟ್ಟಿದ್ದೆನೋ ಏನೋ. ಒಂದೇ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವ ಎರಡು ‘ಹಗರಿ’ಗಳು ಒಂದಕ್ಕೊಂದು ಡಿಕ್ಕಿ ಹೊಡೆದು ತಾಣ ಬಿಳಿ ಹಾಳೆಯಾಗಿ ನಿಂತುಬಿಟ್ಟಿತು. ಅರ್ಧ ಗಂಟೆಯಲ್ಲಿ ಬಂಗಾರಪ್ಪನ ಫೋನು. ‘ಏನಪ ಗುರಣ್ಣ, ನಿನ್ ಪೇಪರ್ ಬೋಳಾಗೇತಲ್ಲೋ! ನಾನ ಮಾಡೀನಿ ಅಂತಿದ್ದಿ, ಈಗ ರಿಪೇರಿನೂ ನೀನ ಮಾಡಪ’ ಎಂದು ನಕ್ಕ. ಅವನ ಹಿಂದೆ ಇನ್ನೂ ಇಬ್ಬರು ನಕ್ಕದ್ದು ಕೇಳಿಸಿತು. ‘ಅದು ನಾ ಮಾಡಿದ್ದಲ್ಲ ಮಾರಾಯ, ಯಾವನೋ ಬಿಟ್ಟಿ ಕೊಟ್ಟಿದ್ದು’ ಎಂಬ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ. ನಡೆದಷ್ಟು ದಿನ ಅದು ನನ್ನದಾಗಿತ್ತು, ನಿಂತ ಕೂಡಲೇ ನಿನ್ನದಾಯಿತು.

ಅದೇ ಸಿಟ್ಟಿನಲ್ಲಿ ನಿನ್ನ ಪುಟದಲ್ಲಿ ಬರೆದೆ. ಏನು ಬರೆದೆನೆಂದು ಇಲ್ಲಿ ಮತ್ತೆ ಬರೆಯಲಾರೆ, ನೀನು ಮರೆತಿರಲಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಊರವರಿಗೆಲ್ಲ ಹೇಳಿ ನಗುವವನು ನಾನು, ನೆಲಕ್ಕೆ ಎಷ್ಟೆಲ್ಲ ಬೈದೆ! ಒಂದು ಗಂಟೆಯಲ್ಲಿ ನಿನ್ನ ಉತ್ತರ ಬಂತು. ‘ತೊಂದರೆ ಆಗಿದ್ದಕ್ಕೆ ಬೇಸರವಾಯಿತು ಸರ್. ನಿಮ್ಮ ತಾಣದಲ್ಲಿ ಯಾವ ಯಾವ ಪ್ಲಗಿನ್ ಇವೆ ಎಂಬ ಪಟ್ಟಿ ಕಳಿಸಿ. ಎರಡರ ನಡುವೆ ಜಗಳ ಇದ್ದರೆ ಹುಡುಕಿ ಸರಿಮಾಡಿ ಕೊಡುತ್ತೇನೆ.’ ಒಂದು ಬಿರುಸು ಮಾತಿಲ್ಲ.

ಮರುದಿನ ಗೀತಾಂಜಲಿ ಬಂದು ಕೂತು ಪಟ್ಟಿ ತೆಗೆದಳು. ಐದು ಹೆಸರು. ನಾಲ್ಕನೆಯದು ‘ಹಗರಿ’, ಐದನೆಯದು ‘ಉಚ್ಚಂಗೆಮ್ಮ ಪ್ರೆಸ್’. ಅವಳು ತಿರುಗಿ ನನ್ನ ಮುಖ ನೋಡಿದಳು. ‘ಅಣ್ಣಾರ, ತಪ್ಪು ಅವರದಲ್ರಿ. ಇವೆರಡೂ ಒಂದರಿ.’ ಹೊಸದನ್ನು ತೆಗೆದಳು, ತಾಣ ಎದ್ದು ಕೂತಿತು. ಐದು ನಿಮಿಷದ ಕೆಲಸ. ‘ಪಟ್ಟಿ ಕಳಸ್ಲೇನ್ರಿ?’ ಎಂದು ಕೇಳಿದಳು. ಬೇಡ ಅಂದೆ. ಕಳಿಸಿದ್ದರೆ ಐದನೆಯ ಹೆಸರು ನಿನ್ನ ಕಣ್ಣಿಗೆ ಬೀಳುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೂ ಒಂದು ಮಾತು. ಅವತ್ತು ಪತ್ರಿಕೆ ಅಚ್ಚಿಗೆ ಹೋಗುವ ದಿನ. ಹಿಂದಿನ ದಿನವೇ ಸಿಟ್ಟಿನಲ್ಲಿ ಎರಡನೇ ಪುಟಕ್ಕೆ ಎಂಟು ಸಾಲು ಬರೆದು ಕೂರಿಸಿದ್ದೆ. ‘ಓದುಗರಿಗೆ ಆದ ಅಡಚಣೆಗೆ ವಿಷಾದ. ನಿಶಾತ ಎಂಬ ಯಾವನೋ ಮಾಡಿ ಹಂಚಿದ ಬಿಟ್ಟಿ ತಂತ್ರಾಂಶವೇ ಇದಕ್ಕೆ ಕಾರಣ’ ಎಂದು ಶುರುವಾಗಿ, ಬಿಟ್ಟಿ ಮಾಲಿಗೆ ಮರುಳಾಗಬೇಡಿ ಎಂಬ ಉಪದೇಶದೊಂದಿಗೆ ಮುಗಿಯುತ್ತಿತ್ತು. ಅದನ್ನು ತೆಗೆದು ಅಲ್ಲಿ ಒಂದು ಜಾಹೀರಾತು ಕೂರಿಸಲು ಗೀತಾಂಜಲಿಗೆ ಎರಡು ನಿಮಿಷ ಸಾಕಿತ್ತು. ಅವಳು ಬಾಯಿಬಿಟ್ಟು ಕೇಳಿದಳು ಕೂಡ. ಬಂಗಾರಪ್ಪ ನಾಳೆ ಪೇಪರು ಓದುತ್ತಾನೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ‘ಇರ್ಲಿ ಬಿಡು, ಯಾವ ಊರಿನವನೋ ಏನೋ’ ಅಂದೆ.

ಯಾವ ಊರಿನವನೋ! ಹಗರಿ ನದಿಯ ಹೆಸರಿಟ್ಟವರು ಯಾವ ಕಡೆಯವರೆಂದು ಊಹಿಸಲಾರದ ಸಂಪಾದಕ ನಾನು. ನಿನ್ನ ಅಬ್ಬಾ ಮನೆಯಲ್ಲಿ ಮಗಳಿದ್ದಾಳೆ, ಓದಿದ್ದಾಳೆ ಎಂದು ಎಷ್ಟು ಸಲ ಹೇಳಿದ್ದನೋ. ಬಾಯಿ ತುಂಬ ‘ನಮ್ಮ ಬೇಬಿ’ ಎನ್ನುತ್ತಿದ್ದ. ಬೇಬಿಗೂ ಒಂದು ಹೆಸರಿರುತ್ತದೆ ಎಂದು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಆ ಸಂಚಿಕೆ ಬಂದ ಮರುವಾರವೇ ಮಷಿನ್ನು ಕೈಕೊಟ್ಟಿತ್ತು. ಮಹಬೂಬ ಹಗರಿಬೊಮ್ಮನಹಳ್ಳಿಯಿಂದ ಬಸ್ಸು ಹಿಡಿದು ಬಂದ, ಎಂದಿನಂತೆ ಕೆಲಸ ಮಾಡಿದ, ಎಂದಿನಂತೆ ಚಹಾ ಕುಡಿದ. ಕೂಲಿ ಎಣಿಸಿಕೊಂಡು ಹೋದ. ಅವನು ಆ ಎಂಟು ಸಾಲು ಓದಿಯೇ ಬಂದಿದ್ದನೆಂದು ನನಗೆ ತಿಳಿದದ್ದು ಆರು ತಿಂಗಳ ಮೇಲೆ, ಈ ಜನವರಿಯಲ್ಲಿ. ವೆಬ್‌ಸೈಟಿನ ಮೂಲ ತಂತ್ರಾಂಶ ಹೊಸದಾಗಿ, ನನ್ನ ಹೆಸರಿನ ನಕಲು ಒತ್ತಕ್ಷರಗಳನ್ನೆಲ್ಲ ಒಡೆಯತೊಡಗಿತ್ತು. ನಿನ್ನ ಹೊಸ ಆವೃತ್ತಿ ಸಿಕ್ಕೀತೇ ಎಂದು ಹುಡುಕಿದರೆ ‘ಹಗರಿ’ಯೇ ಇರಲಿಲ್ಲ. ‘ಅದನ್ನ ಮಾಡಿದವ ಬಿಟ್ಟು ಓಡಿ ಹೋಗ್ಯಾನ ನೋಡು’ ಎಂದು ನಾನು ಗೀತಾಂಜಲಿಗೆ ಕೂಗಿ ಹೇಳಿದೆ. ಅವತ್ತು ರಿಪೇರಿಗೆ ಬಂದು ಮಷಿನ್ನಿನ ಅಡಿಯಲ್ಲಿ ಮಲಗಿದ್ದ ಮಹಬೂಬ ಹೊರಗೆ ಬಂದ. ಬಟ್ಟೆಗೆ ಕೈ ಒರೆಸಿಕೊಂಡ.

‘ಓಡಿ ಹೋಗಿಲ್ಲಪ ಗುರಣ್ಣ. ಮನ್ಯಾಗ ಅದಾಳ. ನೀ ಯಾವನೋ ಅಂತ ಬರದಿದ್ದಿಯಲ್ಲ, ಆ ನಿಶಾತ ನನ್ ಮಗಳು.’

ನಾನು ಏನು ಹೇಳಿದೆ ಗೊತ್ತೇನವ್ವ? ‘ಅಯ್ಯೋ ಮಹಬೂಬ, ನನಗ ಗೊತ್ತಿರ್ಲಿಲ್ಲೋ’ ಅಂದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟು ‘ಗೊತ್ತಿದ್ರ ಬರೀತಿದ್ದೇನು? ಬಿಡು’ ಅಂದ. ನನಗೇ ಸಮಾಧಾನ ಹೇಳಿದ! ಗೊತ್ತಿಲ್ಲದ್ದು ನೀನು ಅವನ ಮಗಳೆಂಬುದಷ್ಟೇ, ತಪ್ಪು ನಿನ್ನದಲ್ಲವೆಂಬುದು ಗೊತ್ತಿತ್ತು ಎಂದು ಆಗಲೂ ಬಾಯಿ ಬರಲಿಲ್ಲ. ಬೇರೆ ಯಾರದೋ ಮಗನಾಗಿದ್ದರೆ ನಾನು ಮಾಡಿದ್ದು ಸರಿಯಾಗುತ್ತಿತ್ತೇ? ಈ ಪ್ರಶ್ನೆ ಅವತ್ತಿನಿಂದ ನನ್ನನ್ನು ಕೂತಲ್ಲಿ ಕೂರಗೊಡುತ್ತಿಲ್ಲ.

ಅವನೇ ಮುಂದುವರಿಸಿದ. ‘ನಲವತ್ತು ದಿನ ಹುಡುಕಿದ್ಲು ಗುರಣ್ಣ, ತಪ್ಪು ಎಲ್ಲೈತಿ ಅಂತ. ಊಟಕ್ಕ ಕರದ್ರೂ ಏಳ್ತಿರ್ಲಿಲ್ಲ. ಸಿಗಲಿಲ್ಲ. ಸಪ್ಪಳ ಯಾಕ ಬರ್ತೈತಿ ಅಂತ ತಿಳೀದ ಮಷಿನ್ನ ಮಾಲಕರ ಕೈಗೆ ಕೊಡಬಾರ್ದು ಅಂತ ನಾನ ಆಕಿಗೆ ಹೇಳ್ಕೊಟ್ಟಿದ್ದೆ. ಅದಕ್ಕ ಎಲ್ಲಾ ತಗದುಬಿಟ್ಲು. ಈಗ ಕಂಪ್ಯೂಟರ್ ಹತ್ರ ಹೋಗಂಗಿಲ್ಲ.’

ಮೂರು ವಾರ ನಾನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಮೊನ್ನೆ ಸೋಮವಾರ ನಿಮ್ಮೂರಿಗೆ ಬಂದು, ನಿಮ್ಮ ರಿಪೇರಿ ಅಂಗಡಿಯಲ್ಲಿ ನಿಂತು, ಪಟ್ಟಿಯ ಸಂಗತಿ ಸಮೇತ ನಿನ್ನ ಅಬ್ಬಾನಿಗೆ ಎಲ್ಲ ಹೇಳಿದೆ. ಅವನು ಕಬ್ಬಿಣಕ್ಕೆ ಅರ ಹಾಕುವುದನ್ನು ನಿಲ್ಲಿಸಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆಯೆತ್ತದೆಯೇ ‘ನನಗ್ಯಾಕ ಹೇಳ್ತೀರಿ? ಆಕಿಗೆ ಬರದು ಕೊಡ್ರಿ’ ಅಂದ. ಹದಿನೆಂಟು ವರ್ಷದಲ್ಲಿ ಅವನು ನನಗೆ ಬಹುವಚನ ಹಾಕಿದ್ದು ಅದೇ ಮೊದಲು. ಅಂಗಡಿಯ ಹಿಂದೆಯೇ ನಿಮ್ಮ ಮನೆ, ಬಾಗಿಲು ತೆರೆದಿತ್ತು. ನಾಲ್ಕು ಹೆಜ್ಜೆ ಇಡುವ ಧೈರ್ಯವಾಗಲಿಲ್ಲ.

ಈ ಶುಕ್ರವಾರದ ಸಂಚಿಕೆಯ ಮೊದಲ ಪುಟದಲ್ಲಿ, ನಾನು ಕದ್ದದ್ದು, ಮುಚ್ಚಿಟ್ಟದ್ದು, ಸುಳ್ಳು ಅಚ್ಚು ಹಾಕಿದ್ದು ಎಲ್ಲ ನನ್ನ ಹೆಸರಿನಲ್ಲೇ ಬರುತ್ತದೆ. ಪುಟ ಕಟ್ಟಿ ಆಯಿತು. ನಿನ್ನ ಹೆಸರನ್ನು ಅದರಲ್ಲಿ ಎಳೆದಿಲ್ಲ, ನಿನ್ನ ಒಪ್ಪಿಗೆ ಕೇಳದೆ ಇನ್ನೊಮ್ಮೆ ಅದನ್ನು ಮುಟ್ಟಲಾರೆ. ಬಂಗಾರಪ್ಪ ನಗಲಿ. ‘ಹಗರಿ’ಯನ್ನು ಮತ್ತೆ ಬಿಡು ಎಂದು ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ. ಬಿಡುವುದು, ಬಿಡದಿರುವುದು ನಿನ್ನ ಇಷ್ಟ. ನಿನ್ನ ಕೈಯ ಮೇಲೆ ನಿನಗೆ ಬಂದಿರುವ ಅನುಮಾನ ಮಾತ್ರ ಹೋಗಬೇಕು. ಅದು ನಾನು ಹುಟ್ಟಿಸಿದ್ದು.

ನಿನ್ನ ಪುಟ ಇದ್ದ ಜಾಗದಲ್ಲಿ ಈಗ ನೀನು ಬರೆದ ನಾಲ್ಕೇ ಸಾಲು ಉಳಿದಿವೆ. ನಿನ್ನೆ ಓದಿದೆ. ‘ಇದರಿಂದ ಕೊಟ್ಟೂರಿನ ಪತ್ರಿಕೆಯೊಂದರ ತಾಣ ನಿಂತಿತು. ಕಾರಣ ಹುಡುಕಿದೆ, ಸಿಗಲಿಲ್ಲ. ಅದಕ್ಕಾಗಿ ಹಿಂದಕ್ಕೆ ಪಡೆದಿದ್ದೇನೆ. ಆ ಪತ್ರಿಕೆಯವರು ನನ್ನನ್ನು ಕ್ಷಮಿಸಬೇಕು.’

ಅವುಗಳನ್ನು ಅಳಿಸಿಬಿಡು ತಾಯಿ. ನಾನು ಬದುಕಿರುವಾಗಲೇ ಅಳಿಸು.

ದೇವರು ನಿನ್ನ ಕೈಗೆ ಕೆಲಸವನ್ನೂ ಕಣ್ಣಿಗೆ ನಿದ್ದೆಯನ್ನೂ ಮರಳಿ ಕೊಡಲಿ ಎಂದು ಬೇಡುವ,

ತಲೆತಗ್ಗಿಸಿದ
ಗುರುಬಸವರಾಜ