ಬೀಗಿತ್ತಿಯೂ ನಾನೂ ಎರೆಭೂತ ನೋಡಲು ಹೋದದ್ದು

ಬೈಲಹೊಂಗಲ
ಫೆಬ್ರವರಿ ೩೦, ೨೨೧೪

ನನ್ನ ಮುತ್ತಜ್ಜಿಯ ಮುತ್ತಜ್ಜಿಯ ಕಾಲದವರಿಗೆ ಚನ್ನವೀರಮ್ಮ ಮುನವಳ್ಳಿಯ ಶರಣು.

ಮೇಲಿನ ದಿನಾಂಕ ಕಂಡು ಮುದುಕಿಗೆ ಅರಳುಮರಳು ಅನ್ನಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟುಮಾಡಿ ಹಬ್ಬ ಮಾಡುತ್ತೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಕೈಲಾದಷ್ಟು ಬಿಡಿಸಿ ಹೇಳುತ್ತೇನೆ.

ಅರವತ್ತು ದಾಟಿದವರಿಗೆ ಇಲ್ಲಿ ಬದುಕಿನಲ್ಲಿ ಒಮ್ಮೆ ನಾಡಸುತ್ತು ಸಿಗುತ್ತದೆ. ಹಳೆಯ ಗುಡಿ, ಕೋಟೆ, ಕಾಡು, ಕಣಿವೆಗಳನ್ನು ನೋಡಿಬರಲು ಸರಕಾರವೇ ಕರೆದೊಯ್ಯುವ ಪ್ರವಾಸ ಅದು. ಅದಕ್ಕೆ ಮುಂಚೆ ಅಲ್ಲಿಗೆಲ್ಲ ಹೋಗಲು ಯಾರಿಗೂ ಅಪ್ಪಣೆಯಿಲ್ಲ. ಒಬ್ಬರೇ ಹೋಗುವಂತಿಲ್ಲ, ಜೋಡಿ ಬೇಕು. ನನ್ನ ಮಗ, ಸೊಸೆ ಇಬ್ಬರೂ ಸೇರಿ ನನಗೆ ಹುಡುಕಿದ ಜೋಡಿ ಯಾರು ಗೊತ್ತೇ? ಸೊಸೆಯ ತಾಯಿ, ನಂಜನಗೂಡಿನ ಸರ್ವಮಂಗಳಾ. ಮಕ್ಕಳ ಮದುವೆಯ ಊಟದಲ್ಲಿ ರೊಟ್ಟಿ ಮೊದಲೋ ಅನ್ನ ಮೊದಲೋ ಎಂದು ಮಾತಿಗೆ ಮಾತು ಬೆಳೆದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದರೆ ಅದು ಫೋಟೊದಲ್ಲಿ ಮಾತ್ರ.

ಕಳೆದ ಮಳೆಗಾಲದಲ್ಲಿ ಬಿಸಿಲಬಂಡಿ ಹತ್ತಿ ಹೊರಟೆವು. ಬಿಸಿಲನ್ನೇ ಉಂಡು ಓಡುವ ಈ ಬಂಡಿಯನ್ನು ಬೇಕೆಂದೇ ನಿಧಾನ ಮಾಡಿದ್ದಾರೆ, ದಾರಿಯೂ ಕಣ್ಣಿಗೆ ಬೀಳಲಿ ಎಂದು. ಮೋಡ ಕವಿದರೆ ಎಮ್ಮೆಗಳೇ ನಮ್ಮನ್ನು ಹಿಂದೆ ಹಾಕುತ್ತಿದ್ದವು. ಬಾದಾಮಿಗೆ ಬಂದರೆ ಅಲ್ಲಿ ಉಸಿರುದಿನ. ಅಂದರೆ ಗುಹೆಗಳಿಗೆ ರಜೆ. ನೋಡುವವರ ಉಸಿರಿನ ತೇವ ಆರಲೆಂದು ವಾರಕ್ಕೊಮ್ಮೆ ಯಾರನ್ನೂ ಒಳಗೆ ಬಿಡುವುದಿಲ್ಲ. ಹೊಂಡದ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ನಾನು ರೊಟ್ಟಿ, ಶೇಂಗಾ ಚಟ್ನಿ, ಅವರು ಪುಳಿಯೋಗರೆ. ಒಬ್ಬರಿಗೊಬ್ಬರು ಕೊಡಲಿಲ್ಲ.

ನಾಡಸುತ್ತಿನ ಕೊನೆಯ ಜಾಗವನ್ನು ಜೋಡಿಯವರಿಬ್ಬರೂ ಒಪ್ಪಿ ಆರಿಸಬೇಕು. ಒಪ್ಪಿಗೆಯಾಗದಿದ್ದರೆ ಬಂಡಿ ನೆಟ್ಟಗೆ ಮನೆಗೆ. ನನಗೆ ಹಂಪಿ ಬೇಕಿತ್ತು. ಹುಟ್ಟಿದಾಗಿನಿಂದ ಆಸೆಪಟ್ಟದ್ದು. ಸರ್ವಮಂಗಳಾ ಮಾತ್ರ ಸಿರುಗುಪ್ಪದ ಹುಲ್ಲುಗಾವಲು ಎಂದು ಪಟ್ಟು ಹಿಡಿದರು.

"ಹುಲ್ಲು ನೋಡಾಕ ಅಷ್ಟು ದೂರ ಯಾಕ್ರೀ ಬೀಗಿತ್ಯಾರ? ನಮ್ಮ ಹಿತ್ತಲದಾಗ ಬೇಕಾದಷ್ಟೈತಿ," ಎಂದೆ. ಅವರು ಮುಖ ಆ ಕಡೆ ತಿರುಗಿಸಿದವರು ವಿಜಯಪುರ ಬರುವವರೆಗೂ ಈ ಕಡೆ ತಿರುಗಿಸಲಿಲ್ಲ.

ಗೋಳಗುಮ್ಮಟ ಈಗಲೂ ನಿಂತಿದೆ, ಚಿಂತೆ ಬೇಡ. ಏದುಸಿರು ಬಿಡುತ್ತ ಹತ್ತಿ ಗುಮ್ಮಟದ ಒಳಸುತ್ತಿಗೆ ಬಂದೆ. ಬೀಗಿತ್ತಿ ನನ್ನಿಂದ ಆದಷ್ಟು ದೂರ, ಸರಿಯಾಗಿ ಎದುರು ದಿಕ್ಕಿಗೆ ಹೋಗಿ ಕುಳಿತರು. ನಾನು ಗೋಡೆಗೆ ಮುಖ ಮಾಡಿ ಗೊಣಗಿದೆ: "ಯಪ್ಪಾ ಶಿವನ, ಈಕಿ ಜೋಡಿ ಇನ್ನೂ ಎಷ್ಟು ದಿನಾ ತಗೀಲಿ?"

ಗೋಡೆಯೇ ಮಾತಾಡಿತು. "ನನಗೂ ಸಾಕಾಗಿದೆ, ಬೀಗಿತ್ತಿಯವರೇ."

ಬೆವರಿಬಿಟ್ಟೆ. ಪಿಸುಮಾತನ್ನೂ ಆಚೆ ದಡಕ್ಕೆ ಮುಟ್ಟಿಸುವ ಗುಮ್ಮಟವೆಂದು ಶಾಲೆಯಲ್ಲಿ ಓದಿದ್ದೆ; ಹೊತ್ತಿಗೆ ಸರಿಯಾಗಿ ನೆನಪಾಗಲಿಲ್ಲ. "ಕೇಳಿಸ್ತೇನ್ರೀ?" ಎಂದೆ ಮೆಲ್ಲಗೆ.

"ಒಂದಕ್ಷರ ಬಿಡದೆ!"

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆ ನಗುವನ್ನು ಗುಮ್ಮಟ ತಿರುತಿರುಗಿಸಿ ನಕ್ಕಿತು. ಸದ್ದಡಗಿದ ಮೇಲೆ ಮತ್ತೆ ಅವರ ದನಿ ಬಂತು, ಈ ಸಲ ಬೇರೆಯೇ ಥರ.

"ಮುಖ ನೋಡ್ಕೊಂಡು ಹೇಳೋಕಾಗಲ್ಲ, ಇಲ್ಲಿಂದಾನೇ ಹೇಳ್ಬಿಡ್ತೀನಿ. ನಮ್ಮನೆಯವರು ಆ ಹುಲ್ಲಲ್ಲೇ ಆಯಸ್ಸು ಕಳೆದ್ರು. ಮನೆಗೆ ಬರ್ತಿದ್ದಿದ್ದು ಯಾವಾಗಲೋ ಒಂದು ಸಲ. ಎರೆಭೂತ ವಾಪಸ್ ಬರುತ್ತೆ ಅಂತ ಕಾದ್ರು, ಕಾದ್ರು. ಅವರಿರೋವರೆಗೂ ಒಂದೂ ಬರಲಿಲ್ಲ. ಈಗ ಬಂದಿದೆ ಅಂತಾರೆ. ಅದು ಹೇಗಿದೆ ಅಂತ ನಾನು ನೋಡ್ಬೇಕು."

ಎರೆಭೂತವೆಂದರೆ ಭೂತವಲ್ಲ. ಎರೆನೆಲದ ಹುಲ್ಲಿನಲ್ಲಿ ಬದುಕುವ, ಸೊಂಟದೆತ್ತರದ ಹಕ್ಕಿ. ನಿಮ್ಮ ಕಾಲಕ್ಕೆ ನಮ್ಮ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವಂತೆ. ಆಮೇಲೆ ಅವೂ ಇಲ್ಲವಾದವು. ಸರ್ವಮಂಗಳಾ ಅವರ ಯಜಮಾನರಂಥವರು ಮೊದಲು ಹುಲ್ಲನ್ನು ಬದುಕಿಸಿದರು. ಎಷ್ಟೋ ಮಳೆಗಾಲಗಳ ಮೇಲೆ ದೂರದ ಬಯಲುಗಳಿಂದ ಹಕ್ಕಿ ತಾನಾಗಿ ಬಂತು.

"ನಡೀರಿ, ಅಲ್ಲಿಗೇ ಹೋಗೂಣು," ಎಂದೆ ಗೋಡೆಗೆ.

ಸಿರುಗುಪ್ಪದಲ್ಲಿ ನೋಡಲು ಏನೂ ಇರಲಿಲ್ಲ, ನಿಜ ಹೇಳುತ್ತೇನೆ. ಕಂಬವಿಲ್ಲ, ತಂತಿಯಿಲ್ಲ, ಗೋಡೆಯಿಲ್ಲ. ಗಾಳಿಗೆ ಹೊರಳುವ ಹುಲ್ಲು, ಅದರ ಮೇಲೆ ಇಡೀ ಆಕಾಶ. ಹುಲ್ಲು ಹೊದಿಸಿದ ತಗ್ಗು ಮರೆಯೊಳಗೆ ಇಬ್ಬರೂ ಮೊಣಕಾಲೂರಿ ಕಾದೆವು. ಮೊದಲ ದಿನ ಒಂದು ನರಿ ಬಂದು ನಮ್ಮನ್ನು ನೋಡಿ ಹೋಯಿತು, ಅಷ್ಟೇ. ಅಂದು ರೊಟ್ಟಿಗೂ ಪುಳಿಯೋಗರೆಗೂ ಮಡಿಯಿರಲಿಲ್ಲ. ಮರುದಿನ ಬೆಳಗ್ಗೆ ಮಳೆ ನಿಂತು ಹೊಳವಾದಾಗ ಹುಲ್ಲಿನಿಂದ ಕರಿಟೊಪ್ಪಿಗೆಯ ತಲೆಯೊಂದು ಎದ್ದಿತು. ಆಮೇಲೆ ಬಿಳಿಯ ಕತ್ತು. ಆ ಕತ್ತಿನ ಚೀಲವನ್ನು ನೆಲಕ್ಕೆ ತಾಗುವಷ್ಟು ಉಬ್ಬಿಸಿ, ಬಾಲವೆತ್ತಿ, ಅದು ಗುಮ್ಮೆಂದಿತು. ಆ ಸದ್ದು ನನ್ನ ಎದೆಗೂಡಿನೊಳಗೇ ಎದ್ದಂತಾಯಿತು.

ಸರ್ವಮಂಗಳಾ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಇದಕ್ಕಾ ಇವರು ಮಗಳ ನಾಮಕರಣಕ್ಕೂ ಬರದೆ ಇದ್ದಿದ್ದು!" ಎಂದರು. ಹಕ್ಕಿ ಮತ್ತೆ ಗುಮ್ಮೆಂದಿತು. ಅವರು ಬಹಳ ಹೊತ್ತು ನೋಡಿದರು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಹೋಗ್ಲಿ ಬಿಡಿ. ನಾನಾಗಿದ್ರೂ ಬರ್ತಿರಲಿಲ್ಲ."

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ಗುಡಿ ಗೋಪುರಗಳನ್ನು ನೀವು ಹೇಗೂ ಕಾಯುತ್ತೀರಿ. ಏನೂ ಇಲ್ಲವೆಂದು ಕಾಣುವ ಬಯಲನ್ನೂ ಒಮ್ಮೆ ಹೋಗಿ ನೋಡಿ. ಅದನ್ನು ಬಂಜರೆಂದು ಬಿಟ್ಟುಕೊಡಬೇಡಿ. ಒಳ್ಳೆಯದಾಗುತ್ತದೆಂದು ಗಿಡ ನೆಟ್ಟು ಮುಚ್ಚಲೂ ಬೇಡಿ. ನಾವು ಇವನ್ನೆಲ್ಲ ನೋಡಲು ಅರವತ್ತರವರೆಗೆ ಕಾಯಬೇಕು. ನಿಮ್ಮ ಕಾಲದಲ್ಲಿ ಯಾರ ಅಪ್ಪಣೆಯೂ ಬೇಡ, ಬಸ್ಸು ಹತ್ತಿದರೆ ಸಾಕಂತೆ.

ಹತ್ತಿ.