ಎಜ್ರಾನ ಹುಲ್ಲುಗಾವಲ ಗೇಟು

ಅಕ್ಕಾ,

ನಿನ್ನೆ ಅತ್ತೆಯನ್ನು ಮಣ್ಣು ಮಾಡಿ ಬಂದೆವು. ಈ ಥಾರ್ನ್‌ಬೆಕ್‌ನ ಐದು ಮನೆಗೆ ಚರ್ಚೂ ಇಲ್ಲ, ಮಸಣವೂ ಇಲ್ಲ. ಯಾರೇ ಸತ್ತರೂ ಗುಡ್ಡದಾಚೆಗೆ ಹೊತ್ತುಕೊಂಡೇ ಹೋಗಬೇಕು, ಮುತ್ತಜ್ಜಂದಿರ ಕಾಲದಿಂದಲೂ ಹೀಗೇ. ಹಳ್ಳ ತುಂಬಿ ಹೆಣದ ದಾರಿ ಅರ್ಧ ಮುಳುಗಿತ್ತು. ಪಕ್ಕದ ಮನೆಯ ಎಜ್ರಾನ ಹುಲ್ಲುಗಾವಲು ಹಾದು ಹೋಗಿದ್ದರೆ ಸಲೀಸಾಗುತ್ತಿತ್ತು. ಮುದುಕ ಗೇಟಿಗೆ ಅಡ್ಡ ನಿಂತುಬಿಟ್ಟ.

"ಒಂದು ಸಲ ಹೆಣ ಹೋದ್ರೆ ಆ ಜಾಗ ಊರ ದಾರಿ ಆಗೋಗುತ್ತೆ ಕಣಯ್ಯಾ. ನಮ್ಮಪ್ಪನ್ನೂ ನಾನು ಸುತ್ತಿಕೊಂಡೇ ಹೊತ್ತಿದ್ದು" ಅಂದ.

"ನಿನ್ನ ಹುಲ್ಲನ್ನ ನಮ್ಮವ್ವ ಎದ್ದು ಮೇಯ್ತಾಳಾ?" ಎಂದು ನಮ್ಮವರು ರೇಗಿದರು.

ಎಜ್ರಾ ಕೋಟು ಬಿಚ್ಚಿ ಗೇಟಿನ ಮೇಲೆ ಹಾಕಿ, ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟ. ಬಂಡೆಗಳ ಮೇಲಿನ ಆ ಸುತ್ತುಹಾದಿಯುದ್ದಕ್ಕೂ ಯಾರು ಕೇಳಿದರೂ ಬಿಡಲಿಲ್ಲ. ಏರಿನ ನೆತ್ತಿಯಲ್ಲಿ ಪೆಟ್ಟಿಗೆ ಇಳಿಸುವ ಚಪ್ಪಡಿ ಕಲ್ಲಿದೆಯಲ್ಲ, ಅಲ್ಲಿ ಮಾತ್ರ ಕೂತು ಬಹಳ ಹೊತ್ತು ಕೆಮ್ಮಿದ.

ನನ್ನ ಕಾಲೆಲ್ಲ ಬೊಬ್ಬೆ ಎದ್ದು ಬೂಟು ಹಾಕಲಾಗುತ್ತಿಲ್ಲ. ನಿನ್ನ ಹಳೇ ಉಣ್ಣೆ ಕಾಲುಚೀಲ ಇದ್ದರೆ ಕಳಿಸು. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಇದೊಂದು ಹೇಳಿ ಮುಗಿಸುತ್ತೇನೆ. ವಾಪಸು ಬರುವಾಗ ಯಾರಿಗೂ ಹೆಜ್ಜೆ ಎತ್ತಿಡುವ ತ್ರಾಣ ಇರಲಿಲ್ಲ. ಎಜ್ರಾ ತಾನೇ ಮುಂದೆ ಹೋಗಿ ಗೇಟು ತೆಗೆದು ನಿಂತ.

"ಹಿಂಗೇ ಬನ್ನಿ, ಹುಲ್ಲಿನ ಮೇಲೇ ಬನ್ನಿ. ಉಸಿರಾಡೋರು ನಡೆದ್ರೆ ದಾರಿ ಆಗಲ್ಲ."

ನಿನ್ನ ತಂಗಿ,
ಟಾಮರ್